ಬ್ಯೂಗಲಿಗೊಂದು ಬಾಯಿ

ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನಿಡುವ ಮರದ ಕಪಾಟೊಂದಿದೆ. ಅದರ ಮೇಲುಹಲಗೆಯಲ್ಲಿ, ಹಳದಿಗಟ್ಟಿದ ಖಾದಿ ಬಟ್ಟೆಯಲ್ಲಿ ಸುತ್ತಿಟ್ಟ ತಾಮ್ರದ ಬ್ಯೂಗಲೊಂದು ಬಹುಕಾಲದಿಂದ ಮಲಗಿಕೊಂಡಿತ್ತು. ಶತಮಾನೋತ್ಸವದ ನಿಮಿತ್ತ ಶಾಲೆಯ ಹಳೆಯ ವಸ್ತುಗಳ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ಕೈಗೆತ್ತಿಕೊಂಡದ್ದು ದಾಸ್ತಾನು ಪುಸ್ತಕವನ್ನು. ಅದರ ಒಂದು ಪುಟದಲ್ಲಿ, ಹಿಂದಿನವರ ದುಂಡಗಿನ ಅಕ್ಷರಗಳಲ್ಲಿ, 'ಬ್ಯೂಗಲ್ 1, ಮೌತ್‌ಪೀಸ್ ಮತ್ತು ಸರಪಳಿ ಸಹಿತ' ಎಂದು ಬರೆದಿದೆ. ಕೆಲವು ವರ್ಷಗಳ ಪುಟಗಳನ್ನು ದಾಟಿದರೆ ಬೇರೊಂದು ಕೈಬರಹ: 'ಬ್ಯೂಗಲ್ 1, ಮೌತ್‌ಪೀಸ್ ಇಲ್ಲ.' ಅಲ್ಲಿಂದ ಮುಂದೆ ಪ್ರತಿವರ್ಷವೂ ಅದೇ ಮಾತು. ಎಷ್ಟೋ ಮುಖ್ಯೋಪಾಧ್ಯಾಯರು ಬಂದು ಹೋದರು. 'ಇಲ್ಲ' ಎಂಬುದನ್ನು ಮಾತ್ರ ಎಲ್ಲರೂ ತಪ್ಪದೆ ನಕಲು ಮಾಡಿದರು.

ಬಾಯಿಯಿಲ್ಲದ ಬ್ಯೂಗಲ್ ಒಂದು ಬಾಗಿದ ಕೊಳವೆಯಷ್ಟೆ. ಶತಮಾನೋತ್ಸವದ ಬೆಳಗ್ಗೆ ಧ್ವಜಾರೋಹಣಕ್ಕೆ ಅದನ್ನೇ ಊದಿಸಬೇಕೆಂದು ಸಮಿತಿಯ ಹಿರಿಯರು ಸುಲಭವಾಗಿ ನಿರ್ಣಯಿಸಿಬಿಟ್ಟರು. ಅದಕ್ಕೆ ಹೊಂದುವ ಮೌತ್‌ಪೀಸನ್ನು ಆರಿಸುವುದೆಂದರೆ ಇನ್ನೂರೈವತ್ತು ವರ್ಷಗಳಿಗೂ ಹಿಂದಿನ ಒಂದು ಕಥೆಯೊಳಗೆ ಹೊಕ್ಕು ಹೊರಬರಬೇಕಾದ ಕೆಲಸವೆಂಬುದು ಆಗ ನನಗೂ ತಿಳಿದಿರಲಿಲ್ಲ.

ಬ್ಯೂಗಲ್ ಎಂಬ ಹೆಸರು ಎಳೆಯ ಹೋರಿಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಬೇಟೆಗಾರರು ಊದುತ್ತಿದ್ದ ದನದ ಕೊಂಬಿಗೆ ಮೊದಲು ಆ ಹೆಸರಿತ್ತು; ಲೋಹದ ವಾದ್ಯ ಅದನ್ನು ಆಮೇಲೆ ಪಡೆದುಕೊಂಡಿತು. ತುಳುನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ದೇವಸ್ಥಾನಗಳ ಉತ್ಸವಬಲಿಯಲ್ಲಿ, ಭೂತದ ಕೋಲದಲ್ಲಿ ಊದುವ ಲೋಹದ ವಾದ್ಯವನ್ನೂ ನಾವು ಕೊಂಬು ಎಂದೇ ಕರೆಯುತ್ತೇವೆ. ಕೊಡಗಿನಲ್ಲೂ ಕೊಂಬು ಕೊಟ್ಟು ಇಲ್ಲದೆ ಹಬ್ಬವಿಲ್ಲ. ಪ್ರಾಣಿಯ ಕೊಂಬಿನ ಆಕಾರವನ್ನು ಲೋಹ ಎರವಲು ಪಡೆದಾಗ ಹೆಸರನ್ನೂ ಜೊತೆಗೆ ತೆಗೆದುಕೊಂಡು ಬಂದಿತು. ಹಳಗನ್ನಡ, ನಡುಗನ್ನಡ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಕಹಳೆ, ಹೆಗ್ಗಾಳೆ, ಶಂಖಗಳಿಗೆ ಕೊರತೆಯಿಲ್ಲ. ಆದುದರಿಂದ ಬ್ಯೂಗಲ್ ಪರದೇಶದಿಂದ ಬಂದಾಗ ನಮ್ಮ ಕಿವಿಗೆ ಅದು ಪೂರ್ತಿ ಹೊಸತಾಗಿರಲಾರದು. ಅದರ ಬಾಯಿಯಲ್ಲಿ ಕೂಡಿಸುವ, ಬೇಕಾದಾಗ ತೆಗೆಯಬಲ್ಲ ಆ ಸಣ್ಣ ತುಂಡು ಮಾತ್ರ ಹೊಸತು. ಶಂಖಕ್ಕೆ ತುದಿಯನ್ನು ಕೊಯ್ದು ಬಾಯಿ ಮಾಡುತ್ತೇವೆ. ಅದನ್ನು ಬದಲಾಯಿಸುವ ಮಾತಿಲ್ಲ, ಕಳೆದುಹೋಗುವ ಭಯವೂ ಇಲ್ಲ.

ಸೈನ್ಯದ ಸಂಕೇತವಾದ್ಯವಾಗಿ ಲೋಹದ ಬ್ಯೂಗಲ್ ಖಚಿತವಾಗಿ ಕಾಣಿಸಿಕೊಳ್ಳುವುದು 1758ರಲ್ಲಿ, ಜರ್ಮನ್ ನಾಡಾದ ಹ್ಯಾನೋವರಿನಲ್ಲಿ. ಯೂರೋಪಿನ ಏಳು ವರ್ಷಗಳ ಯುದ್ಧದ ಕಾಲವದು. ಅಲ್ಲಿಯ ಲಘುಪಡೆಯವರು ಅರ್ಧಚಂದ್ರದಂತೆ ಬಾಗಿದ ತಾಮ್ರದ ದೊಡ್ಡ ಕೊಂಬೊಂದನ್ನು ಪಟ್ಟಿಯಿಂದ ಹೆಗಲಿಗೆ ತೂಗುಹಾಕಿಕೊಂಡು ಊದುತ್ತಿದ್ದರು. ಅದಕ್ಕೆ ಅರ್ಧಚಂದ್ರವೆಂಬ ಹೆಸರೇ ಇತ್ತು. ಹ್ಯಾನೋವರಿನ ಒಡೆಯನೇ ಇಂಗ್ಲೆಂಡಿನ ದೊರೆಯೂ ಆಗಿದ್ದುದರಿಂದ ವಾದ್ಯ ಕಡಲು ದಾಟುವುದು ಕಷ್ಟವಾಗಲಿಲ್ಲ. 1764ರ ಹೊತ್ತಿಗೆ ಅದು ಇಂಗ್ಲೆಂಡನ್ನು ಸೇರಿತು. ಸಾಲುಗಟ್ಟಿ ನಿಂತು ಗುಂಡು ಹಾರಿಸುವ ಪದಾತಿದಳಕ್ಕೆ ತಮ್ಮಟೆ ಸಾಕಾಗುತ್ತಿತ್ತು. ಪೊದೆ, ಬೇಲಿ, ಗುಡ್ಡಗಳಲ್ಲಿ ಚದುರಿ ಕಾದಾಡುವ ಲಘುಪಡೆಗೆ ದೂರಕ್ಕೆ ಕೇಳಿಸುವ, ಒಬ್ಬನೇ ಹೊತ್ತು ಓಡಬಲ್ಲ ವಾದ್ಯ ಬೇಕಾಯಿತು. ಅರ್ಧಚಂದ್ರವನ್ನು ಮಡಿಚಿ ಒಂದು ಸುತ್ತು ಮಾಡಿದರು. ಹತ್ತೊಂಬತ್ತನೆಯ ಶತಮಾನದ ನಡುವಿನ ಬಳಿಕ ಎರಡು ಸುತ್ತು ಮಾಡಿದರು. ಈಗ ಪೊಲೀಸ್ ಪರೇಡಿನಲ್ಲಿ ನಾವು ಕಾಣುವ ಗಿಡ್ಡನೆಯ ಬ್ಯೂಗಲ್ ಈ ಎರಡು ಸುತ್ತಿನದು. ಬಿಚ್ಚಿ ನೆಟ್ಟಗೆ ಮಾಡಿದರೆ ಅದರ ಕೊಳವೆ ನಾಲ್ಕೂವರೆ ಅಡಿಗಳ ಆಸುಪಾಸು ಬರುತ್ತದೆ.

ನಡುವೆ, 1810ರಲ್ಲಿ, ಡಬ್ಲಿನ್ನಿನಲ್ಲಿದ್ದ ಜೋಸೆಫ್ ಹ್ಯಾಲಿಡೇ ಎಂಬ ಬ್ಯಾಂಡ್ ಮಾಸ್ತರನು ಕೊಳವೆಗೆ ರಂಧ್ರಗಳನ್ನು ಕೊರೆದು ಕೀಲಿಗಳನ್ನು ಕೂಡಿಸಿ ಎಲ್ಲ ಸ್ವರಗಳನ್ನೂ ನುಡಿಯುವ ಬ್ಯೂಗಲನ್ನು ಮಾಡಿದನು. ಕೆಲವು ದಶಕ ಅದು ಮೆರೆಯಿತು. ಒಡನೆಯೇ ಕವಾಟಗಳ ವಾದ್ಯಗಳು ಬಂದು ಅದನ್ನು ಮೂಲೆಗೆ ತಳ್ಳಿದವು. ಕೀಲಿಯೂ ಕವಾಟವೂ ಇಲ್ಲದ ಮೊದಲಿನ ಸರಳ ಬ್ಯೂಗಲ್ ಮಾತ್ರ ಉಳಿದುಕೊಂಡಿತು.

ಈ ಸರಳತೆಯೇ ಮೌತ್‌ಪೀಸಿನ ಮಹತ್ತ್ವಕ್ಕೆ ಕಾರಣ. ಕೊಳಲಿಗೆ ರಂಧ್ರಗಳಿವೆ, ನಾಗಸ್ವರಕ್ಕೂ ಇವೆ. ಬ್ಯೂಗಲಿಗೆ ಏನೂ ಇಲ್ಲ. ಊದುವವನ ತುಟಿಗಳ ಕಂಪನವೊಂದೇ ಅದರ ಬಂಡವಾಳ. ಕೊಳವೆಯು ತನ್ನ ಉದ್ದಕ್ಕೆ ಒಪ್ಪುವ ಕೆಲವೇ ಸ್ವರಗಳನ್ನು ಮಾತ್ರ ಅನುಮತಿಸುತ್ತದೆ. ಅವುಗಳ ಕಂಪನಸಂಖ್ಯೆಗಳು 2, 3, 4, 5, 6ರ ಅನುಪಾತದಲ್ಲಿರುತ್ತವೆ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಮೇಲೆ ಅಂತರ ಗಾಂಧಾರ, ಮತ್ತೆ ಪಂಚಮ. ಈ ಐದು ಸ್ವರಗಳಲ್ಲಿಯೇ ಪ್ರಪಂಚದ ಸೈನಿಕರು ಏಳುತ್ತಾರೆ, ಉಣ್ಣುತ್ತಾರೆ, ಮುನ್ನುಗ್ಗುತ್ತಾರೆ, ಮಲಗುತ್ತಾರೆ. ಸತ್ತವರಿಗೆ ಕೊನೆಯ ಗೌರವವನ್ನೂ ಈ ಐದರಲ್ಲಿಯೇ ಸಲ್ಲಿಸುತ್ತಾರೆ. ಬಿ-ಫ್ಲ್ಯಾಟ್ ಶ್ರುತಿಯ ಬ್ಯೂಗಲಿನಲ್ಲಿ ತಳದ ಷಡ್ಜ ಸೆಕೆಂಡಿಗೆ ಸುಮಾರು 233 ಕಂಪನಗಳದ್ದು, ತುದಿಯ ಪಂಚಮ ಸುಮಾರು 698ರದ್ದು. ಬೆರಳುಗಳಿಗೆ ಇಲ್ಲಿ ಕೆಲಸವಿಲ್ಲ. ತುಟಿಯನ್ನು ಬಿಗಿಹಿಡಿದರೆ ಮೇಲಿನ ಸ್ವರ, ಸಡಿಲಿಸಿದರೆ ಕೆಳಗಿನದು. ಈ ಬಿಗಿ ಸಡಿಲಗಳ ವ್ಯವಹಾರವೆಲ್ಲ ನಡೆಯುವುದು ಮೌತ್‌ಪೀಸಿನ ಬಟ್ಟಲಿನೊಳಗೆ.

ಅದನ್ನು ಅಡ್ಡಲಾಗಿ ಕೊಯ್ದು ನೋಡಿದರೆ ನಾಲ್ಕು ಭಾಗಗಳು ಕಾಣುತ್ತವೆ: ತುಟಿಗೆ ತಾಗುವ ಅಂಚು, ಉಸಿರು ಬೀಳುವ ಬಟ್ಟಲು, ಬಟ್ಟಲಿನ ತಳದ ಇಕ್ಕಟ್ಟಾದ ಗಂಟಲು, ಕೊಳವೆಯೊಳಗೆ ಸೇರುವ ದಂಟು. ಅಂಚು ತೀರ ಹರಿತವಾದರೆ ತುಟಿ ಕೊಯ್ಯುತ್ತದೆ. ತೀರ ಅಗಲವಾದರೆ ಹಾಯೆನಿಸಿದರೂ ಸ್ವರದಿಂದ ಸ್ವರಕ್ಕೆ ಜಿಗಿಯಲು ತುಟಿ ಆಲಸ್ಯಪಡುತ್ತದೆ. ಬಟ್ಟಲು ಆಳವಿಲ್ಲದೆ ಬೋಗುಣಿಯಂತಿದ್ದರೆ ನಾದ ಹೊಳಪಾಗಿ, ಚೂಪಾಗಿ ಹೊರಡುತ್ತದೆ, ಮೇಲಿನ ಸ್ವರಗಳು ಸುಲಭವಾಗುತ್ತವೆ. ಆಳವಾಗಿ ಆಲಿಕೆಯಂತೆ ಇಳಿದರೆ ನಾದ ದುಂಡಗೆ, ತುಸು ಮಬ್ಬಾಗಿ, ತುಂಬಿ ಬರುತ್ತದೆ. ಟ್ರಂಪೆಟ್ಟಿಗೆ ಬೋಗುಣಿ, ಬ್ಯೂಗಲಿಗೆ ಆಲಿಕೆ ಎಂಬುದು ಹಳೆಯ ಸಂಪ್ರದಾಯ. ಅದಕ್ಕೆ ಕಾರಣವಿದೆ. ಟ್ರಂಪೆಟ್ಟಿನ ಕೊಳವೆ ಬಹುಪಾಲು ಒಂದೇ ಗಾತ್ರದಲ್ಲಿ ಸಾಗಿ ಕೊನೆಯಲ್ಲಿ ಅರಳುತ್ತದೆ. ಬ್ರಿಟಿಷ್ ಮಾದರಿಯ ಬ್ಯೂಗಲಿನ ಕೊಳವೆ ಬಾಯಿಯಿಂದಲೇ ಮೆಲ್ಲಮೆಲ್ಲನೆ ಹಿಗ್ಗುತ್ತ, ಹಳೆಯ ಕೊಂಬಿನ ನಡೆಯನ್ನು ಮರೆಯದೆ, ಶಂಕುವಿನಂತೆ ಹೋಗುತ್ತದೆ. ಹಿಗ್ಗುವ ಕೊಳವೆಗೆ ಆಳವಾದ ಬಟ್ಟಲು ಕೂಡಿದಾಗಲೇ ಅದರ ಸ್ವಂತ ಧ್ವನಿ ಹೊರಡುತ್ತದೆ. ಬ್ಯೂಗಲಿಗೆ ಟ್ರಂಪೆಟ್ಟಿನ ಬಾಯಿ ತೊಡಿಸಿದರೆ ಅದು ಮೂಕವಾಗುವುದಿಲ್ಲ; ಆದರೆ ಇನ್ನೊಬ್ಬರ ಧ್ವನಿಯಲ್ಲಿ ಮಾತಾಡುತ್ತದೆ.

ಮೌತ್‌ಪೀಸ್ ಕೇವಲ ತುಟಿಯೊರಗಿಸುವ ದಿಂಬಲ್ಲ ಎಂಬುದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಅದನ್ನು ಬಿಡಿಯಾಗಿ ಹಿಡಿದು, ಅಂಚಿನ ಬದಿಯನ್ನು ಅಂಗೈಗೆ ತಟ್ಟಿದರೆ 'ಟಪ್' ಎಂಬ ಸಣ್ಣ ಸ್ವರವೊಂದು ಕೇಳಿಸುತ್ತದೆ. ಬಟ್ಟಲಿನೊಳಗಿನ ಗಾಳಿಗೂ ಗಂಟಲಿನ ಇಕ್ಕಟ್ಟಿಗೂ ತಮ್ಮದೇ ಆದ ಅನುರಣನವಿದೆ. ಕೊಳವೆಯ ಮೇಲಿನ ಸ್ವರಗಳು ಶ್ರುತಿಗೆ ಸರಿಯಾಗಿ ಬೀಳುವುದರಲ್ಲಿ ಇದರ ಪಾಲು ದೊಡ್ಡದು. ಬಟ್ಟಲಿನ ಗಾತ್ರ ತಪ್ಪಿದರೆ ಷಡ್ಜ ಸರಿಯಿದ್ದರೂ ಮೇಲಿನ ಪಂಚಮ ಜಾರುತ್ತದೆ.

ಇನ್ನು ದಂಟಿನ ವಿಚಾರ. ಕಾಲಕ್ರಮದಲ್ಲಿ ಟ್ರಂಪೆಟ್ಟಿನ ಮೌತ್‌ಪೀಸುಗಳು ಬಹುಮಟ್ಟಿಗೆ ಒಂದು ಅಳತೆಗೆ ಬಂದವು. ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವಿನ್ಸೆಂಟ್ ಬಾಕ್ ಎಂಬ ಟ್ರಂಪೆಟ್ ವಾದಕನು ಎಂಜಿನಿಯರಿಂಗ್ ಕಲಿತವನು. 1918ರಲ್ಲಿ ನ್ಯೂಯಾರ್ಕಿನಲ್ಲಿ ಲೇತಿನ ಮುಂದೆ ನಿಂತು ಮೌತ್‌ಪೀಸುಗಳನ್ನು ಕಡೆಯತೊಡಗಿದನು. ಅಂಚಿನ ವ್ಯಾಸಕ್ಕೆ ಅಂಕೆ, ಬಟ್ಟಲಿನ ಆಳಕ್ಕೆ ಅಕ್ಷರ ಎಂಬ ಅವನ ಪದ್ಧತಿ ಇಂದಿಗೂ ಅಂಗಡಿಗಳಲ್ಲಿ ನಡೆಯುತ್ತಿದೆ. ಅಂಕೆ ದೊಡ್ಡದಾದಷ್ಟೂ ವ್ಯಾಸ ಕಿರಿದು ಎಂಬ ಅದರ ತಲೆಕೆಳಗಾದ ಲೆಕ್ಕ ಹೊಸಬರನ್ನು ಮೋಸಗೊಳಿಸದೆ ಬಿಡುವುದಿಲ್ಲ, ನಾನೂ ಮೋಸಹೋದೆ. ಬ್ಯೂಗಲುಗಳಿಗೆ ಇಂಥ ಶಿಸ್ತು ಬರಲೇ ಇಲ್ಲ. 1892ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಜಿ ಶ್ರುತಿಯ ಮಾದರಿ ಒಂದು ಬಗೆ, ಬ್ರಿಟಿಷರ ಬಿ-ಫ್ಲ್ಯಾಟ್ ಮಾದರಿ ಇನ್ನೊಂದು ಬಗೆ. ಒಂದೇ ಮಾದರಿಯೊಳಗೂ ತಯಾರಕನಿಂದ ತಯಾರಕನಿಗೆ ಬಾಯಿಯ ಅಳತೆಯಲ್ಲಿ ಕೂದಲೆಳೆಯ ಅಂತರಗಳು. ಹೀಗಾಗಿ ಮೌತ್‌ಪೀಸ್ ಕಳೆದುಹೋಗದಂತೆ ಒಂದು ಸಣ್ಣ ಸರಪಳಿಯಿಂದ ಅದನ್ನು ಬ್ಯೂಗಲಿಗೆ ಬಿಗಿಯುವ ರೂಢಿ ಬೆಳೆಯಿತು. ನಮ್ಮ ಬ್ಯೂಗಲಿನಲ್ಲಿ ಸರಪಳಿಯ ಬಳೆ ಉಳಿದಿದೆ, ಸರಪಳಿ ತುಂಡಾಗಿದೆ.

ಇಂಥ ವಾದ್ಯ ಕನ್ನಡ ಶಾಲೆಯ ಕಪಾಟಿಗೆ ಬಂದ ದಾರಿ ಸ್ಕೌಟಿನದು. ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದಾಗ ಅವರನ್ನು ಕರೆಯಲು ಊದಿದ್ದು ಬ್ಯೂಗಲನ್ನಲ್ಲ, ಆಫ್ರಿಕದಿಂದ ತಂದಿದ್ದ ಕುಡು ಎಂಬ ಜಿಂಕೆಯ ತಿರುಚಿದ ಕೊಂಬನ್ನು. ಮರುವರ್ಷ ಅವನ ಪುಸ್ತಕ ಬಂತು. 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಬೇಕರನು ಭಾರತದ ಮೊದಲ ಸ್ಕೌಟ್ ದಳವನ್ನು ಕಟ್ಟಿದನು. ಆ ದಳಗಳು ಮೊದಲಿಗೆ ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮೀಸಲು. ಭಾರತೀಯ ಬಾಲಕರಿಗಾಗಿ ಆನಿ ಬೆಸೆಂಟ್ ಮದರಾಸಿನಿಂದ ಬೇರೆಯೇ ಸಂಘಟನೆ ಹೊರಡಿಸಬೇಕಾಯಿತು. ಮುಂದೆ ಹಲವು ಕವಲುಗಳಾಗಿ ಹರಿದ ಈ ಚಳವಳಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂದು ಒಂದಾಯಿತು. 1948ರಲ್ಲಿ ಎನ್.ಸಿ.ಸಿ. ಹುಟ್ಟಿತ್ತು. ಆಗ ನಮ್ಮ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಶಾಲೆಯ ಗಂಟೆಯೆಂದರೆ ಜಗಲಿಯ ಪಕ್ಕಾಸಿಗೆ ತೂಗುಹಾಕಿದ ರೈಲುಹಳಿಯ ತುಂಡು; 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಈ ಕಡೆಯ ಶಾಲೆಗಳಿಗೆ ಅಂಥ ತುಂಡುಗಳಿಗೆ ಬಡತನವಿರಲಿಲ್ಲ. ಹಳಿ ತರಗತಿಗೆ, ಬ್ಯೂಗಲ್ ಮೈದಾನಕ್ಕೆ ಎಂಬ ವಿಭಾಗವಿತ್ತೆಂದು ಹಿರಿಯ ವಿದ್ಯಾರ್ಥಿಗಳು ನೆನೆಯುತ್ತಾರೆ.

1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಆ ದಿನಗಳ ನೋವು, ಅನಂತರದ ಹೋರಾಟ, 1967ರ ಮಹಾಜನ ವರದಿ ಇವೆಲ್ಲ ಈ ಸಂಚಿಕೆಯ ಬೇರೆ ಲೇಖನಗಳಲ್ಲಿ ಬಂದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ದಾಸ್ತಾನು ಪುಸ್ತಕದಲ್ಲಿ 'ಇಲ್ಲ' ಎಂಬ ಪದ ಮೊದಲು ಕಾಣಿಸುವುದು ಅದರ ಬಳಿಕ. ಇವೆರಡಕ್ಕೂ ಸಂಬಂಧ ಕಲ್ಪಿಸುವ ಆಸೆ ಇತಿಹಾಸದ ಅಧ್ಯಾಪಕನಾಗಿದ್ದ ನನಗೆ ಬಾರದೆ ಇರಲಿಲ್ಲ. ಆದರೆ ಅದಕ್ಕೆ ಆಧಾರವಿಲ್ಲ. ಯಾವನೋ ಒಬ್ಬ ಹುಡುಗ ಮೈದಾನದ ಹುಲ್ಲಿನಲ್ಲಿ ಬೀಳಿಸಿರಬೇಕು, ಅಷ್ಟೆ.

ಹೊಂದುವ ಮೌತ್‌ಪೀಸನ್ನು ಹುಡುಕಲು ಹೊರಟ ನಾನು ಮೊದಲು ಹೋದದ್ದು ವಾದ್ಯಗಳನ್ನು ಮಾರುವ ಒಂದು ಅಂಗಡಿಗೆ. ಅಲ್ಲಿಯವರು ಬ್ಯೂಗಲನ್ನು ತಿರುಗಿಸಿ ನೋಡಿ, ಬಾಯಿಯ ಕಡೆಯ ಎರಡಂಗುಲವನ್ನು ಕೊಯ್ದು ತೆಗೆದು, ಟ್ರಂಪೆಟ್ಟಿನ ಹೊಸ ಬಾಯಿಕೊಳವೆಯನ್ನು ಬೆಸುಗೆ ಹಾಕಿದರೆ ಯಾವ ಮೌತ್‌ಪೀಸಾದರೂ ಕೂರುತ್ತದೆಂದರು. ಖರ್ಚೂ ಹೆಚ್ಚಿಲ್ಲ, ಎರಡೇ ದಿನದ ಕೆಲಸ. ಸಮಿತಿಯಲ್ಲಿ ಹಲವರು ಇದಕ್ಕೆ ಒಲಿದರು. ಉತ್ಸವ ಹತ್ತಿರವಾಗುತ್ತಿತ್ತು, ಊದಿದರೆ ಸಾಕು, ಯಾವ ಬಾಯಿಯಾದರೇನು ಎಂಬುದು ಅವರ ವಾದ. ವಿರೋಧಿಸಲು ನನ್ನಲ್ಲಿ ಮನಸ್ಸಿತ್ತು, ಮಾತಿರಲಿಲ್ಲ. ಮಾತು ಕೊಟ್ಟವರು ನಿವೃತ್ತ ಪೊಲೀಸ್ ಬ್ಯೂಗಲರ್ ಒಬ್ಬರು. ಅವರ ಮನೆಮಾತು ಮಲಯಾಳ. ನಾಲ್ಕನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲಿಯೇ ಕನ್ನಡ ಓದಿದವರು. ಬ್ಯೂಗಲನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಯೊಳಗೆ ಕಿರುಬೆರಳನ್ನು ಆಡಿಸಿ, ಬಹಳ ಹೊತ್ತಿನ ಮೇಲೆ ಹೇಳಿದರು: "ಮಾಷ್ಟ್ರೇ, ಇದಕ್ಕೆ ಬಾಯಿ ಹುಡುಕುವ. ಬಾಯಿಗೋಸ್ಕರ ಇದನ್ನು ಕೊಯ್ಯುವುದು ಬೇಡ. ಕೊಯ್ದದ್ದನ್ನು ಮತ್ತೆ ಕೂಡಿಸಲಿಕ್ಕೆ ಆಗುವುದಿಲ್ಲ."

ಅವರೇ ಮೂರು ಮೌತ್‌ಪೀಸುಗಳನ್ನು ತಂದರು. ಕಾರ್ನೆಟ್ಟಿನದು ಬಟ್ಟಲಿನವರೆಗೂ ಒಳಗಿಳಿದು ಗಡಗಡಿಸಿತು. ಟ್ರಂಪೆಟ್ಟಿನ ದಂಟಿನ ತುದಿ ಹತ್ತು ಮಿಲಿಮೀಟರಿಗೆ ತುಸು ಕಡಿಮೆ. ಅದೂ ಬೇಕಾದುದಕ್ಕಿಂತ ಆಳಕ್ಕೆ ಮುಳುಗಿತು. ಕಾಗದದ ಪಟ್ಟಿ ಸುತ್ತಿ ಕೂರಿಸಿ ಊದಿದಾಗ ಸ್ವರಗಳೇನೋ ಬಂದವು, ಚೂಪಾದ, ಹೊಳಪಿನ ಸ್ವರಗಳು. ಕಾಗದ ಉಸಿರಿನ ತೇವಕ್ಕೆ ಮೆತ್ತಗಾಗಿ ಗಾಳಿ ಸೋರತೊಡಗಿತು. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಯ ತುತ್ತೂರಿ ನೀರಿಗೆ ಬಿದ್ದು ದನಿ ಕಳೆದುಕೊಂಡದ್ದು ಅಲ್ಲಿದ್ದ ಎಲ್ಲರಿಗೂ ನೆನಪಾಗಿ ಎಲ್ಲರೂ ನಕ್ಕೆವು. ಮೂರನೆಯದು ಮೀರತಿನಲ್ಲಿ ತಯಾರಾದ, ಬ್ಯೂಗಲಿಗೆಂದೇ ಮಾಡಿದ ಆಳ ಬಟ್ಟಲಿನ ಮೌತ್‌ಪೀಸು. ಭಾರತದ ಬ್ಯಾಂಡ್ ವಾದ್ಯಗಳಿಗೆ ಮೀರತ್ ಎಂದರೆ ತವರು. 1885ರಲ್ಲಿ ಅಲ್ಲಿ ಆರಂಭವಾದ ನಾದಿರ್ ಅಲಿ ಕಂಪನಿಯಿಂದ ಮೊದಲುಗೊಂಡು ಜಾಲಿ ಕೋಠಿಯ ಓಣಿಗಳ ಸಣ್ಣ ಕಾರ್ಖಾನೆಗಳವರೆಗೆ ಹಿತ್ತಾಳೆ ತಾಮ್ರಗಳ ಬಡಿತ ನಿಂತಿಲ್ಲ. ಮದುವೆಯ ಬ್ಯಾಂಡಿನಿಂದ ಸೈನ್ಯದ ಬ್ಯಾಂಡಿನವರೆಗೆ ವಾದ್ಯಗಳು ಅಲ್ಲಿಂದ ಹೋಗುತ್ತವೆ. ಈ ಮೂರನೆಯದರ ತೊಂದರೆ ಬೇರೆ. ದಂಟು ದಪ್ಪ. ಒಂದು ಸೆಂಟಿಮೀಟರಿನಷ್ಟು ಮಾತ್ರ ಒಳಸೇರಿ ನಿಂತುಬಿಟ್ಟಿತು. ಮೌತ್‌ಪೀಸ್ ಹೊರಚಾಚಿಕೊಂಡಷ್ಟೂ ಕೊಳವೆ ಉದ್ದವಾದಂತಾಗಿ ಶ್ರುತಿ ಇಳಿಯುತ್ತದೆ, ಹಿಡಿತವೂ ಸಾಲದು. ಒಬ್ಬ ಉತ್ಸಾಹಿ ತರುಣ ಮರದ ಸುತ್ತಿಗೆಗಾಗಿ ಅತ್ತಿತ್ತ ನೋಡಿದಾಗ ಬ್ಯೂಗಲರು ವಾದ್ಯವನ್ನು ಎದೆಗವಚಿಕೊಂಡರು. ಬಡಿದು ಕೂರಿಸಿದರೆ ಬಾಯಿಯ ಬೆಸುಗೆ ಬಿರಿಯುತ್ತದೆ, ಸಿಕ್ಕಿಕೊಂಡದ್ದು ಮತ್ತೆ ಹೊರಬರುವುದೂ ಇಲ್ಲ.

ಆಗ ಭೌತಶಾಸ್ತ್ರದ ಅಧ್ಯಾಪಿಕೆ ಪ್ರಯೋಗಶಾಲೆಯಿಂದ ವರ್ನಿಯರ್ ಕ್ಯಾಲಿಪರನ್ನು ತಂದರು. ಬ್ಯೂಗಲಿನ ಬಾಯಿಯ ಒಳವ್ಯಾಸ ಹನ್ನೊಂದೂವರೆ ಮಿಲಿಮೀಟರು. ಮೀರತಿನ ದಂಟಿನ ತುದಿ ಹನ್ನೊಂದು. ದಂಟಿನ ಓರೆ ಇಪ್ಪತ್ತಕ್ಕೆ ಒಂದರ ಲೆಕ್ಕದಲ್ಲಿ ಹಿಗ್ಗುತ್ತಿತ್ತು. ಎಂದರೆ ವ್ಯಾಸದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲು ತೆಗೆದರೆ ಅದು ಎರಡು ಮಿಲಿಮೀಟರು ಹೆಚ್ಚು ಆಳಕ್ಕೆ ಇಳಿಯುತ್ತದೆ. ಇನ್ನೂ ಹದಿನೈದು ಮಿಲಿಮೀಟರು ಇಳಿಯಬೇಕಾದರೆ ಮುಕ್ಕಾಲು ಮಿಲಿಮೀಟರು ಕಡೆಯಬೇಕು. ಒಂಬತ್ತನೆಯ ತರಗತಿಯ ಮಕ್ಕಳು ಕರಿಹಲಗೆಯ ಮೇಲೆ ಈ ಲೆಕ್ಕವನ್ನು ಮಾಡಿ ತೋರಿಸಿದರು. ಪೇಟೆಯ ಲೇತ್ ಕೆಲಸಗಾರರೊಬ್ಬರು ಅಷ್ಟನ್ನೇ, ಓರೆಯನ್ನು ಕೆಡಿಸದೆ, ಮೂರು ಸಲ ತೆಗೆದು ಮೂರು ಸಲ ಕೂರಿಸಿ ನೋಡಿ ಕಡೆದುಕೊಟ್ಟರು. ಕಡೆದದ್ದು ಇನ್ನೂರು ಮುನ್ನೂರು ರೂಪಾಯಿಗೆ ಮತ್ತೆ ಸಿಗುವ ಮೌತ್‌ಪೀಸನ್ನು. ಮತ್ತೆ ಸಿಗದ ಬ್ಯೂಗಲಿಗೆ ಉಳಿಯ ತುದಿಯೂ ತಾಗಲಿಲ್ಲ. ಕೂಲಿ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ; ಅವರ ಮಗಳು ನಮ್ಮ ಶಾಲೆಯ ಆರನೆಯ ತರಗತಿಯಲ್ಲಿದ್ದಾಳೆ.

ಮೌತ್‌ಪೀಸ್ ಈಗ ಅಲುಗಾಡದೆ, ತುಸು ತಿರುವಿ ಒತ್ತಿದರೆ ಕೂರುತ್ತದೆ, ತಿರುವಿ ಎಳೆದರೆ ಬರುತ್ತದೆ. ಬ್ಯೂಗಲರು ಮೊದಲು ಕೆಳಗಿನ ಷಡ್ಜವನ್ನು ಊದಿದರು. ಕೊಠಡಿಯ ಹೆಂಚಿನ ಸಂದಿಯಿಂದ ಪಾರಿವಾಳಗಳು ಹಾರಿದವು. ಪಂಚಮ, ಮೇಲಿನ ಷಡ್ಜ, ಗಾಂಧಾರ ಸರಿಯಾಗಿಯೇ ಬಂದವು. ತುದಿಯ ಪಂಚಮ ಸ್ವಲ್ಪ ಅಳುಕುತ್ತದೆ. ಹಿಂದೆ ಯಾರೋ ಬಾಯಿಯ ಅಂಚನ್ನು ತಗ್ಗಿಸಿದ ಒಂದು ಸಣ್ಣ ಪೆಟ್ಟು ಅಲ್ಲಿದೆ. ಅದನ್ನು ಹಾಗೆಯೇ ಬಿಡುವುದೆಂದು ತೀರ್ಮಾನಿಸಿದೆವು. ದೂರದ ಗೇರುಮರಗಳ ಕೆಳಗೆ ನಿಂತು ಆಲಿಸಿದ ಹಿರಿಯ ವಿದ್ಯಾರ್ಥಿಯೊಬ್ಬರು, ಎಂಬತ್ತು ದಾಟಿದವರು, ಇದೇ ಆ ಸ್ವರವೆಂದರು. ಅಷ್ಟು ವರ್ಷಗಳ ನೆನಪನ್ನು ಸಾಕ್ಷ್ಯವೆಂದು ಬರೆಯಲು ನಾನು ಹಿಂಜರಿಯುತ್ತೇನೆ. ಬರೆಯದೆ ಬಿಡಲೂ ಮನಸ್ಸಾಗಲಿಲ್ಲ.

ಈಗ ಎಂಟನೆಯ ತರಗತಿಯ ಇಬ್ಬರು ಹುಡುಗಿಯರೂ ಒಬ್ಬ ಹುಡುಗನೂ ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನದ ಮೂಲೆಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ಮೊದಲ ವಾರ ಬ್ಯೂಗಲನ್ನೇ ಕೊಡದೆ ಬರಿಯ ಮೌತ್‌ಪೀಸಿನಲ್ಲಿ ತುಟಿ ಕಂಪಿಸುವುದನ್ನು ಬ್ಯೂಗಲರು ಕಲಿಸಿದರು. ಒಬ್ಬರು ಊದಿದ ಮೇಲೆ ತೊಳೆದು ಒರಸಿ ಇನ್ನೊಬ್ಬರ ಕೈಗೆ. ಬಳೆಗೆ ಹೊಸ ಸರಪಳಿಯನ್ನು ಹಾಕಿಸಿದ್ದೇವೆ. ದಾಸ್ತಾನು ಪುಸ್ತಕದ ಈ ವರ್ಷದ ಪುಟದಲ್ಲಿ ಮುಖ್ಯೋಪಾಧ್ಯಾಯಿನಿಯವರು ಹಳೆಯ ವಾಕ್ಯವನ್ನು ನಕಲು ಮಾಡದೆ, 'ಬ್ಯೂಗಲ್ 1, ಮೌತ್‌ಪೀಸ್ ಸಹಿತ. ಸರಪಳಿ ಹೊಸದು' ಎಂದು ಬರೆದು ಸಹಿ ಹಾಕಿದ್ದಾರೆ.